ಲಾರಿ ಕೆಟ್ಟಾಗ ಮೊದಲು ಕಾರಣ, ಆಮೇಲೆ ಬಿಡಿಭಾಗ



ಕೊಯ್ಲು ಆರಂಭವಾಯಿತೆಂದರೆ ಸಂಘದ ಲಾರಿಗೂ, ನಮ್ಮಲ್ಲಿ ಕೆಲವರ ಸ್ವಂತ ಲಾರಿಗಳಿಗೂ ಬಿಡುವೆಂಬುದಿಲ್ಲ. ಪಾರ್ಚ್‌ಮೆಂಟು ಕ್ಯೂರಿಂಗ್ ವರ್ಕ್ಸಿಗೆ ಹೋಗಬೇಕು. ಅಡಿಕೆ ಮಂಡಿಗೆ ಹೋಗಬೇಕು. ಬರುವಾಗ ಗೊಬ್ಬರ, ಸುಣ್ಣ ಹೇರಿಕೊಂಡು ಬರಬೇಕು. ಲಾರಿಗಳು ಕೆಡುವುದೂ ಬಹುಮಟ್ಟಿಗೆ ಈ ದಿನಗಳಲ್ಲೇ. ಕೆಟ್ಟ ಲಾರಿಯನ್ನು ದುರಸ್ತಿ ಮಾಡುವುದು ಮೆಕ್ಯಾನಿಕ್ಕನ ಕೆಲಸ, ನಿಜ. ಆದರೆ ಕೆಟ್ಟಿರುವುದೇನೆಂದು ವಿಚಾರಿಸುವುದು, ಕೊಳ್ಳುವ ಬಿಡಿಭಾಗ ಸರಿಯಾದದ್ದೇ ಎಂದು ನೋಡುವುದು ಹಣ ಕೊಡುವವನ ಕೆಲಸ. ಇದನ್ನು ನಾನು ಕಲಿತದ್ದು ಸಂಘಕ್ಕೆ ನಷ್ಟ ಮಾಡಿದ ಮೇಲೆ. ಅದನ್ನು ಮುಚ್ಚಿಡದೆ ಮೊದಲಿಗೇ ಹೇಳಿಬಿಡುತ್ತೇನೆ.

ನಮ್ಮ ಲಾರಿಯ ಸಂಗತಿ

2017ರ ಜನವರಿ. ಸಂಘದ ಹಳೆಯ ಲಾರಿಗೆ ಸದಸ್ಯರ ಪಾರ್ಚ್‌ಮೆಂಟು ಹೇರಿ, ಬೆಳಗಿನ ಜಾವ ಹೊರಡಬೇಕೆನ್ನುವಾಗ ಸೆಲ್ಫ್ ಹೊಡೆಯಲಿಲ್ಲ. ‘ಟಕ್’ ಎಂದು ಒಂದು ಸದ್ದು, ಅಷ್ಟೆ. ಗ್ಯಾರೇಜಿನವರು ಬಂದು ನೋಡಿ, ಸೆಲ್ಫ್ ಮೋಟಾರು ಹೋಗಿದೆ ಎಂದರು. ಹೊಸದು ತಂದು ಕೂರಿಸಿದೆವು. ಲಾರಿ ಹೋಗಿ ಬಂತು. ಮೂರನೆಯ ದಿನ ಲೋಡು ಹೇರಿ ನಿಂತಾಗ ಮತ್ತೆ ಅದೇ ‘ಟಕ್’. ಈ ಸಲ ಬ್ಯಾಟರಿ ಎಂದರು. ಎರಡೂ ಬ್ಯಾಟರಿ ಹೊಸದಾದವು. ಒಂದು ಟ್ರಿಪ್ಪು ಹೋಗಿ ಬಂದು, ಮತ್ತೊಂದು ಲೋಡು ಹೇರಿದೊಡನೆ ಪುನಃ ನಿಂತಿತು.

ನಮ್ಮ ಚಾಲಕ ಮೊದಲ ದಿನವೇ ನನ್ನೊಡನೆ ಹೇಳಿದ್ದ: ‘ಸಾರ್, ಸೆಲ್ಫ್ ಹೊಡೆಯೋವಾಗ ಇಂಜಿನ್ ಆಫ್ ಮಾಡೋ ಕೇಬಲ್ಲು ಕೈ ಸುಡೋ ಹಾಗೆ ಬಿಸಿ ಆಗುತ್ತೆ.’ ಕೇಬಲ್ಲಿಗೂ ಸೆಲ್ಫಿಗೂ ಏನಯ್ಯಾ ಸಂಬಂಧ, ರಾತ್ರಿ ಲೈಟು ಆರಿಸದೆ ಬಿಟ್ಟು ಬ್ಯಾಟರಿ ಇಳಿಸಿದ್ದೀಯೆ ಎಂದು ನಾನೇ ಅವನನ್ನು ಗದರಿದ್ದೆ.

ಲೋಡು ಎರಡು ರಾತ್ರಿ ಟಾರ್ಪಾಲಿನಡಿ ನಿಂತಿತು. ಇಬ್ಬನಿಗೆ ಮೇಲಿನ ಚೀಲಗಳು ತೇವ ಹೀರಿ, ಇಳಿಸಿ ಕಣದಲ್ಲಿ ಮತ್ತೆ ಒಣಗಿಸಬೇಕಾಯಿತು. ಕೊನೆಗೆ ಹಾಸನದಿಂದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಅವರು ಮೊದಲು ಮಾತನಾಡಿಸಿದ್ದು ಚಾಲಕನನ್ನು. ಕೇಬಲ್ಲಿನ ವಿಷಯ ಕೇಳಿದೊಡನೆ, ‘ಸ್ವಾಮಿ, ಇವರು ಆಗಲೇ ಹೇಳಿದಾರಲ್ಲ’ ಎಂದು ನನ್ನ ಕಡೆ ನೋಡಿದರು. ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನಿನ ಮೈಗೆ ಒಂದು ದಪ್ಪ ಕೇಬಲ್ಲು ಹಿಡಿದು ಸೆಲ್ಫ್ ಹೊಡೆಸಿದರು. ಇಂಜಿನು ತಕ್ಷಣ ಸ್ಟಾರ್ಟ್ ಆಯಿತು.

ಕೆಟ್ಟಿದ್ದುದು ಇಂಜಿನಿಗೂ ಚಾಸಿಗೂ ನಡುವಣ ಅರ್ತ್ ಪಟ್ಟಿ. ಇಂಜಿನು ರಬ್ಬರಿನ ಮೇಲೆ ಕೂತಿರುವುದರಿಂದ, ಸೆಲ್ಫ್ ಮೋಟಾರು ಎಳೆಯುವ ನೂರಾರು ಆಂಪೇರ್ ವಿದ್ಯುತ್ತು ಬ್ಯಾಟರಿಗೆ ಹಿಂತಿರುಗಲು ಇರುವ ದಾರಿ ಆ ಪಟ್ಟಿಯೊಂದೇ. ಬೋಲ್ಟಿನ ಅಡಿಯಲ್ಲಿ ಅದು ತುಕ್ಕು ಹಿಡಿದಿತ್ತು. ದಾರಿ ಮುಚ್ಚಿದ್ದರಿಂದ ವಿದ್ಯುತ್ತು ಆ ಸಣ್ಣ ಕೇಬಲ್ಲಿನಲ್ಲಿ ಹರಿದು ಅದನ್ನು ಕಾಯಿಸುತ್ತಿತ್ತು. ದುರಸ್ತಿಗೆಂದು ಕೈಹಾಕಿದಾಗಲೆಲ್ಲ ಪಟ್ಟಿ ಅಲುಗಿ, ಒಂದೆರಡು ದಿನ ಕೂಡಿಕೊಂಡು, ಮತ್ತೆ ಬಿಡುತ್ತಿತ್ತು. ಹೊಸ ಪಟ್ಟಿಯ ಬೆಲೆ ಒಂದು ಆಳಿನ ದಿನದ ಕೂಲಿಗಿಂತ ಕಡಿಮೆ. ಹಳೆಯ ಮೋಟಾರನ್ನೂ ಬ್ಯಾಟರಿಗಳನ್ನೂ ಅಂಗಡಿಗೆ ಬದಲಿ ಕೊಟ್ಟಾಗಿತ್ತು. ಅವು ಚೆನ್ನಾಗಿದ್ದವೇ ಎಂದು ಪರೀಕ್ಷಿಸಲೂ ಆಗಲಿಲ್ಲ. ಚಾಲಕನ ಮೇಲೆ ಹೊರಿಸಿದ ಮಾತನ್ನು ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಹಿಂದಕ್ಕೆ ತೆಗೆದುಕೊಂಡೆ.

ಚಾಲಕನನ್ನು ಕೇಳಬೇಕಾದ ಪ್ರಶ್ನೆಗಳು

ಆದುದರಿಂದ ಬೋಲ್ಟು ಬಿಚ್ಚುವ ಮುನ್ನ ಚಾಲಕನನ್ನು ಇಷ್ಟು ಕೇಳಿ, ಬರೆದಿಟ್ಟುಕೊಳ್ಳಿ. ತೊಂದರೆ ತಣ್ಣಗಿರುವಾಗಲೋ, ಕಾದ ಮೇಲೋ? ಲೋಡಿದ್ದಾಗಲೋ, ಖಾಲಿಯಲ್ಲೂ ಉಂಟೋ? ಏರಿನಲ್ಲೋ, ಇಳಿಜಾರಿನಲ್ಲೋ? ಒಮ್ಮೆಲೇ ಬಂತೋ, ದಿನೇ ದಿನೇ ಹೆಚ್ಚಿತೋ? ಅದಕ್ಕೆ ಮುಂಚೆ ಗಾಡಿಯಲ್ಲಿ ಏನು ಕೆಲಸ ಮಾಡಿಸಿತ್ತು? ಸದ್ದು, ವಾಸನೆ, ಹೊಗೆ, ಮೀಟರಿನ ಮುಳ್ಳು ಇವುಗಳಲ್ಲಿ ಏನು ಬದಲಾವಣೆ ಕಂಡಿತು? ಈ ಉತ್ತರಗಳಿಂದಲೇ ಅರ್ಧ ರೋಗ ಗೊತ್ತಾಗುತ್ತದೆ. ಅನಂತರ ಸುಲಭವಾದ, ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡಿ. ಬಿಚ್ಚುವ ಕೆಲಸ ಕೊನೆಗಿರಲಿ.

ಸೆಲ್ಫ್ ಹೊಡೆಯದಿದ್ದರೆ ಒಂದು ಸಾಮಾನ್ಯ ವೋಲ್ಟ್ ಮೀಟರು ಸಾಕು. 12 ವೋಲ್ಟಿನ ಎರಡು ಬ್ಯಾಟರಿ ಸೇರಿ ನಿಂತ ಗಾಡಿಯಲ್ಲಿ 25 ವೋಲ್ಟು, ಇಂಜಿನು ಓಡುವಾಗ 27ರಿಂದ 28 ವೋಲ್ಟು ತೋರಬೇಕು. ಓಡುವಾಗಲೂ ಏರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟು ನೋಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್‌ಗೂ ಇಂಜಿನಿನ ಮೈಗೂ ಮೀಟರು ಹಿಡಿದರೆ ಅರ್ಧ ವೋಲ್ಟಿನ ಆಚೀಚೆ ಇರಬೇಕು. ಐದಾರು ವೋಲ್ಟು ತೋರಿದರೆ ಅರ್ತ್ ಕೆಟ್ಟಿದೆಯೆಂದೇ ಅರ್ಥ.

ಹೊಗೆ, ಶಕ್ತಿ, ಶಾಖ

ಕಪ್ಪು ಹೊಗೆಯೆಂದರೆ ಡೀಸೆಲ್ಲು ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೋದಿಂದ ಇಂಜಿನಿಗೆ ಹೋಗುವ ಹೋಸು ಬಿರಿದಿರಬಹುದು, ಇಂಜೆಕ್ಟರು ಸೋರುತ್ತಿರಬಹುದು, ಅಥವಾ ಲೋಡೇ ಮಿತಿ ಮೀರಿರಬಹುದು. ನೀಲಿ ಹೊಗೆಯೆಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗು, ವಾಲ್ವಿನ ಸೀಲು ಅಥವಾ ಟರ್ಬೋದ ಸೀಲು ಸವೆದಿದೆ. ಚಳಿಯ ಬೆಳಗಿನಲ್ಲಿ ಒಂದೆರಡು ನಿಮಿಷ ಬಿಳಿ ಹೊಗೆ ಬಂದರೆ ಗಾಬರಿ ಬೇಡ. ಇಂಜಿನು ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು; ಆ ಗಾಡಿಯನ್ನು ಓಡಿಸಕೂಡದು.

ಏರಿನಲ್ಲಿ ಎಳೆಯುವುದಿಲ್ಲವೆಂದರೆ ಕೂಡಲೇ ಪಂಪು ಬಿಚ್ಚಿಸುವವರಿದ್ದಾರೆ. ಅದಕ್ಕೆ ಮೊದಲು ಡೀಸೆಲ್ ಫಿಲ್ಟರ್ ನೋಡಿ. ಬ್ಯಾರೆಲ್ಲಿನಲ್ಲಿಟ್ಟ ಡೀಸೆಲ್ಲು ಹಾಕುವ ಅಭ್ಯಾಸವಿದ್ದರೆ ಅದರಲ್ಲಿ ನೀರು ಸೇರಿರುವ ಸಂಭವ ಹೆಚ್ಚು. ಫಿಲ್ಟರಿನ ತಳದಿಂದ ನೀರು ಬಸಿಯಿರಿ. ಟ್ಯಾಂಕಿನಿಂದ ಬರುವ ಪೈಪಿನ ಜಾಯಿಂಟು ಸಡಿಲವಾಗಿ ಗಾಳಿ ಎಳೆದರೂ ಇದೇ ಲಕ್ಷಣ. ಇಂಜಿನು ಕಾಯುತ್ತಿದ್ದರೆ ರೇಡಿಯೇಟರಿನ ಹೊರಮೈ ನೋಡಿ. ಕಾಫಿ ಹೊಟ್ಟು, ಅಡಿಕೆ ಸಿಪ್ಪೆಯ ಧೂಳು ಅದರ ಸಂದುಗಳಲ್ಲಿ ಕೂತು ಗಾಳಿಯಾಡದಂತೆ ಮಾಡುವುದು ನಮ್ಮ ಕಣಗಳಲ್ಲಿ ಓಡಾಡುವ ಗಾಡಿಗಳ ಮಾಮೂಲು ರೋಗ. ಇಂಜಿನಿನ ಕಡೆಯಿಂದ ಹೊರಮುಖವಾಗಿ ಹದವಾಗಿ ನೀರು ಬಿಟ್ಟು ತೊಳೆದರೆ ಎಷ್ಟೋ ಸಲ ಇಷ್ಟರಲ್ಲೇ ವಾಸಿಯಾಗುತ್ತದೆ. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ.

ಬ್ರೇಕಿನ ವಿಷಯ

ಮೇಲಿನವುಗಳಲ್ಲಿ ತಪ್ಪಿದರೆ ಹಣ ಹೋದೀತು. ಬ್ರೇಕಿನಲ್ಲಿ ತಪ್ಪಿದರೆ ಜೀವ ಹೋಗುತ್ತದೆ. ಶಿರಾಡಿ ಘಾಟಿಯಲ್ಲಿ ಅಡಿಕೆ ಹೇರಿಕೊಂಡು ಇಳಿಯುವ ಗಾಡಿಗೆ ಎರಡನೆಯ ಅವಕಾಶವಿರುವುದಿಲ್ಲ.

ದೊಡ್ಡ ಲಾರಿಗಳಲ್ಲಿರುವುದು ಗಾಳಿಯ ಬ್ರೇಕು. ಕಂಪ್ರೆಸರು ಗಾಳಿಯನ್ನು ಟ್ಯಾಂಕಿಗೆ ತುಂಬುತ್ತದೆ; ಪೆಡಲು ತುಳಿದಾಗ ಆ ಗಾಳಿ ಚಕ್ರಗಳ ಬಳಿಯ ಚೇಂಬರಿಗೆ ಹೋಗಿ ಲೈನರನ್ನು ಡ್ರಮ್ಮಿಗೆ ಒತ್ತುತ್ತದೆ. ಪ್ರತಿ ದಿನ ಮಾಡಬೇಕಾದ ಪರೀಕ್ಷೆ ಇದು: ಚಕ್ರಗಳಿಗೆ ಅಡ್ಡ ಕೊಡಿ. ಗಾಳಿ ಪೂರ್ತಿ ತುಂಬಿದ ಮೇಲೆ ಇಂಜಿನು ಆರಿಸಿ, ಪೆಡಲು ತುಳಿದು ಹಿಡಿದು, ಮೀಟರು ನೋಡುತ್ತ ಕಿವಿಗೊಡಿ. ಮೊದಲ ಇಳಿತದ ನಂತರ ಮುಳ್ಳು ನಿಲ್ಲಬೇಕು. ಇಳಿಯುತ್ತಲೇ ಇದ್ದರೆ ಸೋರಿಕೆಯಿದೆ. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ. ಟ್ಯಾಂಕಿನ ತಳದ ವಾಲ್ವು ಎಳೆದು ನೀರನ್ನು ಹೊರಬಿಡಬೇಕು. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚು. ಬಿಡದಿದ್ದರೆ ನೀರು ವಾಲ್ವುಗಳಿಗೆ ಹೋಗಿ ತುಕ್ಕು ಹಿಡಿಸುತ್ತದೆ.

ಗಾಳಿ ಇಳಿದರೆ ಹಿಂದಿನ ಚಕ್ರಗಳಲ್ಲಿರುವ ಬಲವಾದ ಸ್ಪ್ರಿಂಗು ತಾನೇ ಬ್ರೇಕು ಹಿಡಿಯುತ್ತದೆ. ಗಾಡಿ ಅಲುಗದಿದ್ದರೆ ಕ್ಲಚ್ಚು ಹೋಯಿತೆಂದು ತೀರ್ಮಾನಿಸುವ ಮುನ್ನ ಗಾಳಿಯ ಮೀಟರು ನೋಡಿ. ಆ ಸ್ಪ್ರಿಂಗಿನ ಚೇಂಬರನ್ನು ಅನುಭವವಿಲ್ಲದವರು ಬಿಚ್ಚಲೇಬಾರದು, ಸಿಡಿದರೆ ಪ್ರಾಣಾಪಾಯ.

ಘಾಟಿ ಇಳಿದು ಸಮತಟ್ಟಿನಲ್ಲಿ ನಿಂತಾಗ ಪ್ರತಿ ಡ್ರಮ್ಮಿನ ಬಳಿಗೆ, ಮುಟ್ಟದೆ, ಅಂಗೈ ಹಿಂಭಾಗ ತನ್ನಿ. ಒಂದು ಮಾತ್ರ ತೀರಾ ಬಿಸಿಯಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗು ಕೆಟ್ಟಿದೆ. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರ ಬ್ರೇಕನ್ನೇ ಹಿಡಿಯುತ್ತಿಲ್ಲ. ಅದರ ಪಾಲನ್ನು ಉಳಿದವು ಹೊತ್ತಿವೆ. ಲೈನರು ಬದಲಿಸುವಾಗ ಒಂದೇ ಆಕ್ಸಲಿನ ಎರಡೂ ಕಡೆ ಬದಲಿಸಬೇಕು. ಲೈನರಿಗೆ ಎಣ್ಣೆ ತಾಗಿದ್ದರೆ ಸೋರುವ ಆಯಿಲ್ ಸೀಲನ್ನು ಹಾಕಿಸದೆ ಹೊಸ ಲೈನರು ಹಾಕಿಸುವುದು ವ್ಯರ್ಥ.

ಹೊಸ ಗಾಡಿಗಳು ಮತ್ತು ಯೂರಿಯಾ

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಲಾರಿಗಳಲ್ಲಿ ಡೀಸೆಲ್ಲಿನ ಒತ್ತಡ ಸಾವಿರ ಬಾರ್ ಮೀರುತ್ತದೆ. ಹಳೆಯ ಗಾಡಿಯಂತೆ ಇಂಜಿನು ಓಡುವಾಗ ಇಂಜೆಕ್ಟರಿನ ಪೈಪು ಸಡಿಲಿಸಿ ನೋಡುವ ಪದ್ಧತಿ ಇಲ್ಲಿ ಕೂಡದು. ಚಿಮ್ಮುವ ಡೀಸೆಲ್ಲು ಚರ್ಮವನ್ನೇ ತೂರುತ್ತದೆ. ಸ್ಕ್ಯಾನರ್ ಹಾಕಿದಾಗ ಬರುವ ಕೋಡನ್ನು ಬರೆಸಿಕೊಳ್ಳಿ. ಆದರೆ ಕೋಡು ಹೇಳುವುದು ಯಾವ ಭಾಗದಲ್ಲಿ ತೊಂದರೆಯೆಂದು ಮಾತ್ರ. ಸೆನ್ಸರಿನ ಹೆಸರು ಬಂದ ಮಾತ್ರಕ್ಕೆ ಸೆನ್ಸರೇ ಕೆಟ್ಟಿರಬೇಕೆಂದಿಲ್ಲ. ಅದರ ವೈರನ್ನು ಇಲಿ ಕಡಿದಿರಬಹುದು.

ಈ ಗಾಡಿಗಳ ಹೊಗೆ ಶುದ್ಧಿಗೆ ಬೇರೊಂದು ಟ್ಯಾಂಕಿನಲ್ಲಿ ಹಾಕುವ ಡಿಇಎಫ್ ದ್ರಾವಣವೆಂದರೆ ಶುದ್ಧ ನೀರಿನಲ್ಲಿ ಕರಗಿಸಿದ ಶೇಕಡಾ 32.5ರ ಯೂರಿಯಾ. ಹಾಗಿದ್ದರೆ ಗೋದಾಮಿನ ಯೂರಿಯಾವನ್ನೇ ಕರಗಿಸಿ ಹಾಕಿದರಾಗದೇ ಎಂದು ಸದಸ್ಯರೊಬ್ಬರು ಕೇಳಿದ್ದರು. ಖಂಡಿತ ಆಗದು. ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ. ಅದರಲ್ಲಿ ಬೇರೆ ಕಲ್ಮಶಗಳೂ ಉಂಟು. ಅವು ಸೈಲೆನ್ಸರಿನ ಬಳಿಯ ದುಬಾರಿ ಕ್ಯಾಟಲಿಸ್ಟನ್ನು ಹಾಳುಮಾಡುತ್ತವೆ. ಮೇಲಾಗಿ ಸಬ್ಸಿಡಿ ಗೊಬ್ಬರವನ್ನು ಕೃಷಿಯೇತರ ಕೆಲಸಕ್ಕೆ ಬಳಸುವುದು ಅಪರಾಧ.

ಬಿಡಿಭಾಗ ಕೊಳ್ಳುವಾಗ

ಕಾರಣ ಖಚಿತವಾದ ಮೇಲೆ ಅಂಗಡಿಗೆ ಹೋಗುವಾಗ ಮೂರು ವಸ್ತು ಜೊತೆಗಿರಲಿ: ಹಳೆಯ ಭಾಗ, ಅದರ ಮೇಲಿನ ಪಾರ್ಟ್ ನಂಬರು, ಗಾಡಿಯ ಚಾಸಿ ನಂಬರು. ‘ಇಂಥ ಲಾರಿಯ ಕ್ಲಚ್ ಪ್ಲೇಟ್ ಕೊಡಿ’ ಎಂದರೆ ಸಾಲದು. ಒಂದೇ ಮಾದರಿಯ ಗಾಡಿಗೆ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗಿರುತ್ತವೆ. ಕ್ಲಚ್ ಪ್ಲೇಟಾದರೆ ವ್ಯಾಸವನ್ನೂ ನಡುವಿನ ಹಲ್ಲುಗಳನ್ನೂ ಎಣಿಸಿ ನೋಡಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಾದರೆ ಕಪ್ಪಿನ ವ್ಯಾಸವನ್ನೂ ಉದ್ದವನ್ನೂ ಅಳೆಯಿರಿ.

ಬೇರಿಂಗು ಮತ್ತು ಆಯಿಲ್ ಸೀಲುಗಳಿಗೆ ಲಾರಿಯ ಹೆಸರೇ ಬೇಕಿಲ್ಲ. ಬೇರಿಂಗಿನ ಮೇಲಿನ ನಂಬರು ಲೋಕಕ್ಕೆಲ್ಲ ಒಂದೇ. 6205 ಎಂದಿದ್ದರೆ ಕೊನೆಯ 05ನ್ನು ಐದರಿಂದ ಗುಣಿಸಿ. 25 ಮಿಲಿಮೀಟರು ಶಾಫ್ಟಿನದು ಎಂದಾಯಿತು. 04 ಮತ್ತು ಮೇಲಿನ ಅಂಕಿಗಳಿಗೆ ಈ ಲೆಕ್ಕ ಹೊಂದುತ್ತದೆ. ನಂಬರಿನ ಹಿಂದೆ ‘ಸಿ3’ ಮುಂತಾದ ಗುರುತಿದ್ದರೆ ಅದನ್ನೂ ಬರೆದುಕೊಳ್ಳಿ. ಸೀಲಿನ ಮೇಲೆ 45-62-8 ಎಂದಿದ್ದರೆ ಶಾಫ್ಟು 45, ಹೊರಗಿನ ಮನೆ 62, ದಪ್ಪ 8 ಮಿಲಿಮೀಟರು. ಪಲ್ಪರಿಗೂ ಪಂಪ್‌ಸೆಟ್ಟಿಗೂ ಇದೇ ವಿದ್ಯೆ ಸಾಕು.

ಕಂಪೆನಿ ಮಾಲು, ತಯಾರಕರ ಮಾಲು, ಲೋಕಲ್ ಮಾಲು ಎಂದು ಮೂರು ಬಗೆ. ಲಾರಿ ಕಂಪೆನಿಗಳು ಅನೇಕ ಭಾಗಗಳನ್ನು ತಾವೇ ಮಾಡುವುದಿಲ್ಲ. 1951ರಲ್ಲಿ ಸ್ಥಾಪನೆಯಾಗಿ, ನಾವೆಲ್ಲ ಮೈಕೊ ಎಂದು ಕರೆಯುತ್ತಿದ್ದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದ ಬೆಂಗಳೂರಿನ ಕಂಪೆನಿಯ ಡೀಸೆಲ್ ಪಂಪುಗಳು ಎಷ್ಟೋ ಲಾರಿಗಳಲ್ಲಿವೆ. ಇಂಥ ತಯಾರಕರ ಮಾಲನ್ನು ಅವರ ಅಧಿಕೃತ ಮಾರಾಟಗಾರರಿಂದ ಕೊಂಡರೆ ಗುಣ ಕೆಡದೆ ಬೆಲೆ ಉಳಿಯಬಹುದು. ಹೆಸರು ಕದ್ದ ನಕಲಿ ಮಾಲು ಗುರುತಿಸಲು ಡಬ್ಬಿಯ ಅಚ್ಚು, ಭಾಗದ ಮೇಲಿನ ನಂಬರು ಮತ್ತು ತೂಕವನ್ನು ಹಳೆಯದರೊಡನೆ ಹೋಲಿಸಿ. ಬಿಲ್ಲು ಕೊಡದವರಲ್ಲಿ ಕೊಳ್ಳಬೇಡಿ.

ಇಲ್ಲಿ ಸಿಗದ ಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಭಾಗದ ಮತ್ತು ನಂಬರಿನ ಫೋಟೋ ಮೊದಲು ಕಳಿಸಿದರೆ ಓಡಾಟ ತಪ್ಪುತ್ತದೆ. ಹಳೆಯ ಗಾಡಿಯ ಬಾಗಿಲು, ಬಂಪರು, ಬಿರುಕಿಲ್ಲದ ಗೇರ್‌ಬಾಕ್ಸಿನ ಹೌಸಿಂಗು ಇಂಥವನ್ನು ಗುಜರಿಯಿಂದ ತರಬಹುದು. ಬ್ರೇಕು, ಸ್ಟಿಯರಿಂಗಿನ ಭಾಗಗಳು, ಹೋಸುಗಳು ಮಾತ್ರ ಹೊಸದೇ ಆಗಬೇಕು. ತೆಗೆದ ಹಳೆಯ ಭಾಗವನ್ನು ಗಾಡಿ ಹದಿನೈದು ದಿನ ಸರಿಯಾಗಿ ಓಡುವವರೆಗೆ ಯಾರಿಗೂ ಕೊಡಬೇಡಿ.

ಕೋರಿಕೆ

ಸಂಘದ ಕಛೇರಿಯಲ್ಲಿ ಲಾರಿ ಪುಸ್ತಕವೊಂದನ್ನು ಇಟ್ಟಿದ್ದೇವೆ. ನಿಮ್ಮ ಗಾಡಿಯ ಚಾಸಿ ನಂಬರು, ಬೆಲ್ಟು, ಫಿಲ್ಟರು, ಬೇರಿಂಗು, ಸೀಲುಗಳ ನಂಬರನ್ನು ಅದರಲ್ಲಿ ಬರೆಸಿ. ಗಾಡಿಗಳು ಬಿಡುವಾಗಿರುವ ಮಳೆಗಾಲದಲ್ಲಿ ಎಲ್ಲರ ಪಟ್ಟಿಯನ್ನು ಒಟ್ಟುಗೂಡಿಸಿ ಕೊಂಡರೆ ಬೆಲೆಯೂ ಕಡಿಮೆ ಬೀಳುತ್ತದೆ, ಕೊಯ್ಲಿನಲ್ಲಿ ಪರದಾಟವೂ ತಪ್ಪುತ್ತದೆ. ಪ್ರತಿ ಲಾರಿಯಲ್ಲಿ ಒಂದು ಫ್ಯಾನ್ ಬೆಲ್ಟು, ಒಂದು ಡೀಸೆಲ್ ಫಿಲ್ಟರು, ರೇಡಿಯೇಟರ್ ಹೋಸು ಮತ್ತು ಕ್ಲಿಪ್ಪು, ಫ್ಯೂಸುಗಳು, ಒಂದು ಅರ್ತ್ ಪಟ್ಟಿ ಇರಲಿ. ಪುಸ್ತಕ ಬರೆಸಲು ಬರುವಾಗ ಚಾಲಕನನ್ನೂ ಕರೆದುಕೊಂಡು ಬರಬೇಕಾಗಿ ಕೋರುತ್ತೇನೆ.

— ಕಾರ್ಯದರ್ಶಿ