ರೇಡಿಯೇಟರ್ ನೀರಿಗೆ ಆಯಿಲ್ ಬಂದ ದಾರಿ

ಹಳೆ ಡೀಸೆಲ್ ಗಾಡಿಯ ರೇಡಿಯೇಟರ್ ಮುಚ್ಚಳ ತೆಗೆದಾಗ ಹಸಿರು ಕೂಲಂಟ್ ಇರಬೇಕಾದಲ್ಲಿ ಕಂದು ಬಣ್ಣದ ಗಟ್ಟಿ ಮುದ್ದೆ ಕಂಡಿತು ಅನ್ನಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿ, ಭದ್ರಾವತಿಯ ಬಿ.ಎಚ್. ರಸ್ತೆಯಲ್ಲಿ ವಿಚಾರಿಸಿ, ಮೊದಲು ಬರುವ ಮಾತು "ಹೆಡ್ ಗ್ಯಾಸ್ಕೆಟ್ ಹೋಗಿರ್ಬೇಕು ಸಾರ್." ಬಹಳ ಸಲ ಅದು ನಿಜವೇ. ಆದರೆ ಆ ಗ್ಯಾಸ್ಕೆಟ್ ಬದಲಿಸಲು ಎಂಜಿನ್ನಿನ ಹೆಡ್ ಇಳಿಸುವುದು ದೊಡ್ಡ ಕೆಲಸ, ದೊಡ್ಡ ಖರ್ಚು. ಅದಕ್ಕೆ ಮೊದಲು ಆಯಿಲ್ ಯಾವ ದಾರಿಯಿಂದ ನೀರಿಗೆ ಬಂತು ಎಂದು ಹುಡುಕುವುದಕ್ಕೆ ಅರ್ಧ ದಿನ ಸಾಕು.

ಅದಕ್ಕೂ ಮೊದಲು, ಆ ಮುದ್ದೆ ಆಯಿಲ್ಲೇ ಹೌದೇ? ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರು ಕುಡಿದ ಎಂಜಿನ್ನಿನಲ್ಲಿ ತುಕ್ಕಿನ ಕೆಸರೂ ಕಂದಾಗಿಯೇ ಇರುತ್ತದೆ. ಸೋರಿಕೆ ನಿಲ್ಲಿಸಲು ಯಾವಾಗಲೋ ಸುರಿದ ಪುಡಿಯೂ ಹಾಗೇ ಕಾಣುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಒಂದಿಷ್ಟು ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ತುಕ್ಕು ಮರಳಿನಂತೆ ತರಿತರಿ, ಆಯಿಲ್ ಜಾರುತ್ತದೆ. ಹಳೆ ಪೇಪರಿನ ಮೇಲೆ ಹಚ್ಚಿ ಒಣಗಲು ಬಿಟ್ಟರೆ ಆಯಿಲ್ ಇರುವ ಕಡೆ ಕಾಗದ ಬೆಳಕಿಗೆ ಹಿಡಿದಾಗ ಅರೆಪಾರದರ್ಶಕ ಕಲೆಯಾಗಿ ಉಳಿಯುತ್ತದೆ, ನೀರಿನ ಕಲೆ ಮಾಯವಾಗುತ್ತದೆ.

ಆಯಿಲ್ ಮತ್ತು ನೀರು ಸೇರುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವೆ. ಇಲ್ಲಿ ವಾಟರ್ ಪಂಪಿನ ರೆಕ್ಕೆಗಳು ಎರಡನ್ನೂ ಬಿಡದೆ ಕಡೆಯುತ್ತವೆ. ಎಂಜಿನ್ ಆಯಿಲಿಗೆ ಮಸಿಯನ್ನು ತೇಲಿಸಿ ಇಡಲೆಂದು ಬೆರೆಸಿರುವ ರಾಸಾಯನಿಕಗಳು ಆಯಿಲಿನ ಸಣ್ಣ ಹನಿಗಳು ಮತ್ತೆ ಕೂಡಿಕೊಳ್ಳದಂತೆ ತಡೆಯುತ್ತವೆ. ಹಾಗಾಗಿ ಮುದ್ದೆ ದಿನಗಟ್ಟಲೆ ಇಟ್ಟರೂ ಒಡೆಯುವುದಿಲ್ಲ.

ಇನ್ನು ಒತ್ತಡದ ಲೆಕ್ಕ. ಈ ಕಾಯಿಲೆಯ ಅರ್ಧ ಗುಟ್ಟು ಇರುವುದು ಇಲ್ಲೇ. ಎಂಜಿನ್ ಓಡುವಾಗ ಆಯಿಲ್ ಸುಮಾರು 3–4 ಬಾರ್ ಒತ್ತಡದಲ್ಲಿ ಹರಿಯುತ್ತದೆ. ನೀರಿನ ಕಡೆ ಇರುವುದು ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ತಡೆಯುವಷ್ಟು, ಸಾಮಾನ್ಯವಾಗಿ 0.9 ಬಾರ್ ಆಸುಪಾಸು. ನಡುವೆ ಎಲ್ಲಿ ತೂತಾದರೂ ಆಯಿಲೇ ನೀರಿನತ್ತ ನುಗ್ಗುತ್ತದೆ. ಕೀ ತಿರುಗಿಸಿ ಆಫ್ ಮಾಡಿದ ಕೂಡಲೇ ಲೆಕ್ಕ ತಿರುವುಮುರುವು. ಆಯಿಲ್ ಒತ್ತಡ ಸೊನ್ನೆಗಿಳಿಯುತ್ತದೆ, ಬಿಸಿ ನೀರಿನ ಒತ್ತಡ ಮಾತ್ರ ತಣಿಯುವವರೆಗೂ ಉಳಿಯುತ್ತದೆ. ಸೋಮೇಶ್ವರದಿಂದ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಫಸ್ಟ್ ಗೇರಿನಲ್ಲಿ ಹತ್ತಿ, ಮೇಲೆ ಬಂದವರೇ ಚಹಾಕ್ಕೆಂದು ಫಟ್ಟನೆ ಆಫ್ ಮಾಡುತ್ತಾರಲ್ಲ, ಒಳಗೆ ತೂತಿದ್ದರೆ ನೀರು ಆಯಿಲಿಗೆ ಇಳಿಯುವುದು ಆಗ.

ಹಾಗಾದರೆ ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದರೆ ಗ್ಯಾಸ್ಕೆಟ್ ಸರಿ ಇದೆ ಎಂದೇ? ಹಾಗೆ ಹೇಳಲಾಗದು. ಆಯಿಲಿಗೆ ಸೇರಿದ ಚೂರುಪಾರು ನೀರು ಮುಂದಿನ ಲಾಂಗ್ ಡ್ರೈವಿನಲ್ಲಿ ಆವಿಯಾಗಿ ಹೋಗುತ್ತದೆ. ಇದರ ಉಲ್ಟಾ ಭ್ರಮೆಯೂ ಉಂಟು: ಮಳೆಗಾಲದಲ್ಲಿ ಗಾಂಧಿ ಬಜಾರಿನಿಂದ ವಿನೋಬನಗರದವರೆಗಷ್ಟೇ ಓಡಾಡುವ ಕಾರಿನಲ್ಲಿ ಆಯಿಲ್ ತುಂಬುವ ಮುಚ್ಚಳದ ಒಳಗೆ ಬಿಳಿ ಕೆನೆ ಕಟ್ಟುತ್ತದೆ. ಅದು ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಹನಿಗಟ್ಟಿದ್ದು, ಅಷ್ಟೆ.

ಹೆಡ್ ಗ್ಯಾಸ್ಕೆಟ್ ಯಾಕೆ ಹೋಗುತ್ತದೆ ಎಂಬುದನ್ನು ಬೇರೆ ಊರಿಗಿಂತ ಶಿವಮೊಗ್ಗ, ಭದ್ರಾವತಿಗಳಲ್ಲಿ ವಿವರಿಸುವುದು ಸುಲಭ. ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ಕರಗಿಸಲು ಶುರುವಾಗಿತ್ತು, ನಡುವಿನ ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಎರಕ ಹೊಯ್ಯುತ್ತಾರೆ. ಬಿಸಿ ಲೋಹ ಹಿಗ್ಗುವ ಲೆಕ್ಕ ಇಲ್ಲಿ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ. ಹಳೆ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನಲ್ಲಿ ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣವೇ, ಎರಡೂ ಒಟ್ಟಿಗೆ ಹಿಗ್ಗುತ್ತಿದ್ದವು. ಆಮೇಲೆ ಬಂದ ಎಷ್ಟೋ ಎಂಜಿನ್ನುಗಳಲ್ಲಿ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯುಮಿನಿಯಂ ಹೆಡ್. ಅರ್ಧ ಮೀಟರ್ ಉದ್ದದ ಅಲ್ಯುಮಿನಿಯಂ 70 ಡಿಗ್ರಿ ಬಿಸಿಯೇರಿದರೆ ಸುಮಾರು 0.8 ಮಿ.ಮೀ. ಬೆಳೆಯುತ್ತದೆ, ಕಬ್ಬಿಣ ಅದರ ಅರ್ಧ. ಪ್ರತಿ ಸಲ ಬಿಸಿಯಾಗಿ ತಣಿದಾಗಲೂ ಈ ಎಳೆದಾಟವನ್ನು ತಾಳಿಕೊಳ್ಳಬೇಕಾದ್ದು ನಡುವಿನ ಗ್ಯಾಸ್ಕೆಟ್. ಒಮ್ಮೆ ಗಾಡಿ ವಿಪರೀತ ಹೀಟ್ ಆದರೆ ಹೆಡ್ಡೇ ಬೆಂಡ್ ಆಗುತ್ತದೆ, ಅದರ ಮುಖ ಮಟ್ಟಸ ಮಾಡುವ ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ.

ಗ್ಯಾಸ್ಕೆಟ್ ಮೇಲಿನ ಗುಮಾನಿ ಗಟ್ಟಿಯಾಗುವುದು ಸಿಲಿಂಡರಿನ ಹೊಗೆ ನೀರಿಗೆ ಬಂದಾಗ. ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತಾದರೆ ಅದು ನೀರಿನ ಬಿಸಿಯಿಂದಲ್ಲ. ಪಕ್ಕಾ ಮಾಡಿಕೊಳ್ಳಲು ಬ್ರೋಮೋಥೈಮಾಲ್ ಬ್ಲೂ ಎಂಬ ನೀಲಿ ದ್ರಾವಣವಿದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರೊಳಗೆ ಹಾಯಿಸಿದಾಗ ಕಾರ್ಬನ್ ಡೈಆಕ್ಸೈಡ್ ಇದ್ದರೆ ದ್ರಾವಣ ಆಮ್ಲೀಯವಾಗಿ ಹಳದಿಗೆ ತಿರುಗುತ್ತದೆ. ಡೀಸೆಲ್ ಗಾಡಿಯಲ್ಲಿ ಹಸಿರಿಗೆ ನಿಲ್ಲುವುದೂ ಉಂಟು. ದ್ರಾವಣ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಸ್ವಲ್ಪವನ್ನು ಬೇರೆ ತೆಗೆದು ಬಾಯಿಂದ ಊದಿದರೂ ಸಾಕು, ನಮ್ಮ ಉಸಿರಲ್ಲೂ ಅದೇ ಅನಿಲ.

ಹೊಗೆಯೂ ಇಲ್ಲ, ಕಂಪ್ರೆಷನ್ ಎಲ್ಲ ಸಿಲಿಂಡರಿನಲ್ಲೂ ಸಮವಾಗಿದೆ, ಗಾಡಿ ಯಾವತ್ತೂ ಹೀಟ್ ಆಗಿಲ್ಲ, ಆದರೂ ನೀರಿನಲ್ಲಿ ಆಯಿಲ್. ಆಗ ನಾನಾದರೆ ಹೆಡ್ ಮುಟ್ಟುವ ಮೊದಲು ಆಯಿಲ್ ಕೂಲರ್ ನೋಡುತ್ತೇನೆ. ಬಹಳಷ್ಟು ಡೀಸೆಲ್ ಎಂಜಿನ್ನುಗಳಲ್ಲಿ ಆಯಿಲ್ ಫಿಲ್ಟರ್ ಹತ್ತಿರ ಕೂರುವ ಈ ಪುಟ್ಟ ಡಬ್ಬದಲ್ಲಿ ತೆಳು ಲೋಹದ ತಗಡಿನ ಒಂದು ಬದಿ ಆಯಿಲ್, ಇನ್ನೊಂದು ಬದಿ ನೀರು. ಬರೀ ನೀರು ತುಂಬಿದ ಗಾಡಿಗಳಲ್ಲಿ ಆ ತಗಡನ್ನು ತುಕ್ಕು ಕೊರೆಯುತ್ತದೆ. ಕೂಲರ್ ಬಿಚ್ಚಿ, ಆಯಿಲ್ ಕಡೆ ಒಂದು ದಾರಿ ಮುಚ್ಚಿ, ಇನ್ನೊಂದರಿಂದ 3 ಬಾರ್ ಗಾಳಿ ಕೊಟ್ಟು ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲೇ ಮುಳುಗಿಸಬಹುದು. ನೀರಿನ ಬಾಯಿಯಿಂದ ಗುಳ್ಳೆ ಬಂತೋ, ಕಳ್ಳ ಸಿಕ್ಕ. ತಣ್ಣೀರಿನಲ್ಲಿ ಬರದಿದ್ದರೆ ಬಿಸಿನೀರಿನಲ್ಲಿ ಇನ್ನೊಮ್ಮೆ ನೋಡಬೇಕು, ಕೆಲವು ಬಿರುಕು ಬಾಯಿ ಬಿಡುವುದು ಬಿಸಿಗೆ ಮಾತ್ರ. ಕೂಲರೂ ಪಾಸಾದರೆ ಉಳಿಯುವುದು ಎರಡೇ: ಆಯಿಲ್ ಓಣಿಯ ಪಕ್ಕದ ಗ್ಯಾಸ್ಕೆಟ್, ಇಲ್ಲವೇ ಹೆಡ್ ಅಥವಾ ಬ್ಲಾಕಿನ ಬಿರುಕು. ಆಗ ಹೆಡ್ ಇಳಿಸಲೇಬೇಕು.

ರಿಪೇರಿಯಾದ ಮೇಲೆ ತೊಳೆಯುವ ಕೆಲಸ ಬೇಸರದ್ದು. ನೊರೆ ಕಡಿಮೆ ಬರುವ ಡಿಟರ್ಜೆಂಟ್ ಹಾಕಿ, ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿ ಮಾಡಿ, ಇಳಿಸಿ, ನೀರು ತಿಳಿಯಾಗುವವರೆಗೂ ಮತ್ತೆ ಮತ್ತೆ. ಕಾಸ್ಟಿಕ್ ಸೋಡಾ ಮಾತ್ರ ಬೇಡ, ಅದು ಅಲ್ಯುಮಿನಿಯಂ ತಿನ್ನುತ್ತದೆ. ಹೋಸುಗಳನ್ನೂ ಹಿಸುಕಿ ನೋಡಬೇಕು. ಕೂಲಂಟಿಗೆ ಜಗ್ಗದ ಆ ರಬ್ಬರು ಆಯಿಲ್ ಕುಡಿದು ಊದಿ ಮೆತ್ತಗಾಗುತ್ತದೆ, ಕ್ಲಿಪ್ಪಿನ ಹತ್ತಿರ ಬೆರಳು ಒತ್ತಿದರೆ ಒಳಕ್ಕೆ ಹೋಗುತ್ತದೆ. ಅಂಥದ್ದನ್ನು, ಜೊತೆಗೆ ಮುಚ್ಚಳವನ್ನೂ, ಆಗಲೇ ಬದಲಾಯಿಸುವುದು ವಾಸಿ. ಶಿವಮೊಗ್ಗದ ಎತ್ತರದಲ್ಲಿ ತೆರೆದ ನೀರು 98 ಡಿಗ್ರಿಗೇ ಕುದಿಯುತ್ತದೆ. ಅದನ್ನು 118ರ ತನಕ ತಡೆದಿಡುವುದು ಮುಚ್ಚಳದ ಆ ರಬ್ಬರ್ ವಾಷರ್, ಅದೂ ಆಯಿಲಿನಲ್ಲಿ ನೆಂದಿರುತ್ತದೆ.