ಬಾಯಿ ಕಟ್ಟುವ ವೈದ್ಯ

ಜನರು ಪಿಸಿಓಡಿ ಎಂದೂ ವೈದ್ಯರು ಪಿಸಿಓಎಸ್ ಎಂದೂ ಕರೆಯುವ, ಹೆಂಗಸರ ಅಂಡಾಶಯಕ್ಕೂ ಮುಟ್ಟಿಗೂ ಸಂಬಂಧಿಸಿದ ವ್ಯಾಧಿಯನ್ನು ಕುರಿತು ಲೋಕದಲ್ಲಿ ಪ್ರಚಲಿತವಾಗಿರುವ ಮಾತುಗಳಲ್ಲೆಲ್ಲ ಅತ್ಯಂತ ನಿರ್ದಯವಾದುದೆಂದರೆ, ಬಾಯಿ ಕಟ್ಟಿದರೆ ಎಲ್ಲವೂ ಸರಿಹೋಗುವುದೆಂಬ ಮಾತು. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ಎಲೆಯ ಮುಂದೆ ಬಗ್ಗುವಷ್ಟರಲ್ಲಿ, “ಅವಳಿಗೆ ಬೇಡಪ್ಪಾ, ಪಿಸಿಓಡಿ ಅಂತೆ” ಎಂದು ನಾಲ್ಕು ಎಲೆಗಳಾಚೆಯಿಂದ ಸಾರುವ ದೊಡ್ಡಮ್ಮನಿಗೆ, ಆ ಹುಡುಗಿ ಅದೇ ರಾತ್ರಿ ದೀಪವನ್ನೂ ಹಾಕದೆ ಅಡುಗೆಮನೆಯಲ್ಲಿ ಚಕ್ಕುಲಿಯ ಡಬ್ಬಿಯನ್ನು ಸದ್ದಾಗದಂತೆ ತೆರೆದು, ಹಸಿವಿಲ್ಲದಿದ್ದರೂ ಹೊಟ್ಟೆ ನೋಯುವವರೆಗೆ ತಿಂದು, ಮರುದಿನ ನಾಚಿಕೆಯಿಂದ ಉಪವಾಸವಿರುವಳೆಂಬುದು ತಿಳಿಯದು. ತಿಳಿದರೂ “ಬಾಯಿಚಪಲ” ಎಂದೇ ತೀರ್ಪಾದೀತು.

ಚಪಲವಲ್ಲ, ಅದು ಅತಿಭಕ್ಷಣೆಯೆಂಬ ಕಾಯಿಲೆ. ಈ ಕಾಯಿಲೆಯೂ, ಅತಿಯಾಗಿ ತಿಂದು ವಾಂತಿಯಂಥ ಉಪಾಯಗಳಿಂದ ಹೊರಹಾಕುವ ಬುಲಿಮಿಯಾವೂ ಪಿಸಿಓಎಸ್ ಉಳ್ಳ ಸ್ತ್ರೀಯರಲ್ಲಿ ಇತರರಿಗಿಂತ ಹೆಚ್ಚೆಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದವರ ನಿರ್ಣಯ. ಮುಖದ ಮೇಲಿನ ರೋಮ, ಮೊಡವೆ, ಏರುವ ತೂಕ, ಇವುಗಳಿಂದ ಹುಟ್ಟುವ ಖಿನ್ನತೆ ಸಾಲದೆಂಬಂತೆ, “ತೂಕ ಇಳಿಸಿ ಬನ್ನಿ” ಎಂದು ಎರಡೇ ನಿಮಿಷಗಳಲ್ಲಿ ಚೀಟಿ ಬರೆದು ಕಳುಹಿಸುವ ಉಪಚಾರವೂ ಸೇರಿದಾಗ, ಅನ್ನದೊಡನೆ ಅವಳ ಸಂಬಂಧ ಕೆಡುವುದರಲ್ಲಿ ಆಶ್ಚರ್ಯವೇನು? ಬಾಯಿ ಕಟ್ಟಿದರೆ ಏನಾಗುವುದೆಂಬುದಕ್ಕೆ ಹಳೆಯ ಸಾಕ್ಷಿಯೇ ಇದೆ: 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು ಅವರ ಒಪ್ಪಿಗೆಯಿಂದಲೇ ಸುಮಾರು 6 ತಿಂಗಳ ಕಾಲ ಅರೆಹೊಟ್ಟೆಯಲ್ಲಿರಿಸಿದನು. ಅವರು ಹಗಲಿರುಳೂ ತಿಂಡಿತೀರ್ಥಗಳನ್ನೇ ಧ್ಯಾನಿಸಿದರು, ಪಾಕಶಾಸ್ತ್ರದ ಪುಸ್ತಕಗಳನ್ನು ಓದಿದರು, ನಿರ್ಬಂಧ ಸಡಿಲವಾದ ಮೇಲೆ ಅವರಲ್ಲಿ ಹಲವರು ಹೊಟ್ಟೆ ಬಿರಿಯುವಂತೆ ಉಂಡರೂ ತೃಪ್ತರಾಗಲಿಲ್ಲ. ಆ 36 ಮಂದಿಯಲ್ಲಿ ಒಬ್ಬನಿಗೂ ಅಂಡಾಶಯವಿರಲಿಲ್ಲವೆಂಬುದನ್ನು ದೊಡ್ಡಮ್ಮಂದಿರು ಗಮನಿಸಬೇಕಾಗಿ ಪ್ರಾರ್ಥನೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡಬೇಕಾಗಿಲ್ಲ. ಸಣಕಲು ಮೈಯವರಿಗೂ ಪಿಸಿಓಎಸ್ ಬರುತ್ತದೆ. ಸ್ಕ್ಯಾನಿಂಗಿನಲ್ಲಿ ಕಾಣುವ ಗುಳ್ಳೆಗಳು ಅಂಡಾಣುಗಳನ್ನು ಹೊತ್ತ ಬಲಿಯದ ಕಿರುಚೀಲಗಳೇ ಹೊರತು ಗಡ್ಡೆಗಳಲ್ಲ. ಮದುವೆಯಾದರೆ ವಾಸಿಯಾಗುವುದೆಂಬುದಕ್ಕೆ ಉತ್ತರ ಕೊಡುವುದೂ ವ್ಯರ್ಥ. ಒಂದು ಮಾತ್ರ ಅಪಾಯದ್ದು: ಅತಿಯಾದ ಉಪವಾಸದಿಂದಲೂ ಮುಟ್ಟು ನಿಲ್ಲುವುದುಂಟು, ಅದನ್ನೇ ಪಿಸಿಓಡಿಯೆಂದು ಬಗೆದು ಇನ್ನಷ್ಟು ಪಥ್ಯ ಹೇಳಿದರೆ, ರೋಗದ ಕಾರಣವನ್ನೇ ಔಷಧವಾಗಿ ಕುಡಿಸಿದಂತಾಯಿತು.

ಈ ವ್ಯಾಧಿಗೆ ಇಂಥದೇ ಆಹಾರಕ್ರಮ ಇತರ ಕ್ರಮಗಳಿಗಿಂತ ಶ್ರೇಷ್ಠವೆನ್ನಲು ಆಧಾರವಿಲ್ಲವೆಂದೂ, ರೋಗಿಯ ಊಟದ ವೈಕಲ್ಯಗಳನ್ನು ವೈದ್ಯರು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದೆಂದೂ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ. ಆದರೆ ಅದನ್ನು ಕೇಳುವವರಾರು? ಜರಿ ಅಪ್ಪಟವೋ ಅಲ್ಲವೋ ಎಂದು ಉಜ್ಜಿ ನೋಡದೆ ರೇಷ್ಮೆ ಸೀರೆಗೆ ಕಾಸು ಬಿಚ್ಚದ ನಮ್ಮ ಜನ, ಮೊಬೈಲಿನಲ್ಲಿ ಯಾರೋ ಹೊಗಳಿದ ಚಕ್ಕೆಯ ಕಷಾಯಕ್ಕೂ, ಅನ್ನವನ್ನು ಸಂಪೂರ್ಣ ನಿಷೇಧಿಸುವ ‘ಡಿಟಾಕ್ಸ್’ ವ್ರತಕ್ಕೂ ತಮ್ಮ ಹೆಣ್ಣುಮಕ್ಕಳ ದೇಹವನ್ನು ಪ್ರಶ್ನೆಯಿಲ್ಲದೆ ಒಪ್ಪಿಸುತ್ತಾರೆ. ಹೇಳಿದವನು ಕಲಿತದ್ದೇನು, ಮಾರುವುದೇನು ಎಂದು ವಿಚಾರಿಸುವುದು ಅವರಿಗೆ ಅವಿಶ್ವಾಸದಂತೆ ತೋರುತ್ತದೆ.

ಅತಿಭಕ್ಷಣೆಗೆ ಚಿಕಿತ್ಸೆಯಿದೆ, ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಅದನ್ನು ಬಲ್ಲರು. ರಾತ್ರಿಯ ಆ ಡಬ್ಬಿಯ ಸೆಳೆತವನ್ನು ಕಡಿಮೆ ಮಾಡಲು ಅವರು ಮೊದಲು ವಿಧಿಸುವುದು, ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆಗೊಂದಿಷ್ಟು ತಿನಿಸು, ರಾತ್ರಿ ಮತ್ತೆ ಊಟ, ಯಾವ ಹೊತ್ತನ್ನೂ ತಪ್ಪಿಸದೆ.