ಜೀನಿಗೇ ಬಲೆ ಬೀಸಿದವರು!

ಒಂದೇ ಒಂದು ಡಿಎನ್‌ಎ ತುಣುಕು. ಮೂವತ್ತು ಸುತ್ತು ಇಮ್ಮಡಿಯಾಯಿತೆಂದರೆ ನೂರೇಳು ಕೋಟಿ! ಅದೂ ಎರಡು ಮೂರು ತಾಸಿನಲ್ಲಿ, ಒಂದು ಹನಿ ದ್ರವದೊಳಗೆ! ಇದೇ ಪಿಸಿಆರ್ ಎಂಬ ನಕಲು ತಂತ್ರ. ನಮ್ಮ ಮೀನಿಗೂ ಇದಕ್ಕೂ ಏನು ನಂಟು?

ನಮ್ಮ ಕುಂದಾಪುರ ಕಡೆಯ ಗಂಗೊಳ್ಳಿಯ ದಕ್ಕೆಯಲ್ಲಿ ಬಂಗಡೆ ಇಳಿಯುವಾಗ, ಹಂಗಾರಕಟ್ಟೆಯ ಅಳಿವೆಯಲ್ಲಿ ಚಿಪ್ಪು ಹೆಕ್ಕುವಾಗ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ ಯಾರ ನೆನಪಿಗೂ ಬರುವುದಿಲ್ಲ. ಆದರೆ ನಮ್ಮ ಬೆಚ್ಚನೆಯ ಉಪ್ಪುನೀರೇ ಅದರ ಮನೆ. ಅನುಕೂಲ ಸಿಕ್ಕರೆ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದು 272 ಮಂದಿ ಹಾಸಿಗೆ ಹಿಡಿದರು, 20 ಮಂದಿ ಸತ್ತರು. ಅದರ ಗುರುತು ಸಿಕ್ಕಿದ್ದು ಆಗ.

ಸೋಜಿಗವೆಂದರೆ, ಕಡಲಲ್ಲಿರುವ ಈ ಜೀವಿಗಳಲ್ಲಿ ಬಹುಪಾಲು ನಿರುಪದ್ರವಿ! ಟಿಡಿಎಚ್‌ನಂಥ ವಿಷದ ಜೀನ್ ಹೊತ್ತ ಕೆಲವೇ ಕೆಲವು ನಮ್ಮ ಹೊಟ್ಟೆ ಕೆಡಿಸುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಕೆಟ್ಟದ್ದೂ ಸಾಧುವೂ ಒಂದೇ ಹಸಿರು ಚುಕ್ಕೆ. ಬೇರ್ಪಡಿಸಲು ದಿನಗಟ್ಟಲೆ ಬೇಕು. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ದಂಪತಿ ಮತ್ತು ಸಂಗಡಿಗರು ಏನು ಮಾಡಿದರು ಗೊತ್ತೆ? ನೇರ ಆ ಜೀನಿಗೇ ಬಲೆ ಬೀಸಿದರು! ಅವರ ಪಿಸಿಆರ್ ವಿಧಾನ 1996ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಬೆಳಕು ಕಂಡಿತು. ಕುಂದಾಪುರದಿಂದ ನೂರು ಕಿಲೋಮೀಟರೂ ಇಲ್ಲದ ಊರಿನ ಕೆಲಸವಿದು!

ಮೀನನ್ನು ಅರೆದು ಪೋಷಕ ದ್ರವದಲ್ಲಿ ಕೆಲ ತಾಸು ಇಡುತ್ತಾರೆ. ಬಳಿಕ ಬ್ಯಾಕ್ಟೀರಿಯಾದ ಜೀವಕೋಶ ಒಡೆದು, ಕಾಯಿಸಿ, ತಣಿಸಿ, ಮತ್ತೆ ಕಾಯಿಸುತ್ತಾರೆ. ವಿಷದ ಜೀನ್ ಇದ್ದರೆ ಮಾತ್ರ ಅದರ ನಕಲುಗಳು ಹುಟ್ಟುತ್ತವೆ. ಅಷ್ಟು ಬಿಸಿಗೂ ಕೆಡದೆ ನಕಲು ತೆಗೆಯುವ ಕಿಣ್ವ ಸಿಕ್ಕಿದ್ದೆಲ್ಲಿ? ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆಯಲ್ಲಿ ಬದುಕುವ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ! ಒಂದು ಸೂಕ್ಷ್ಮಜೀವಿಯ ಉಪಕರಣದಿಂದ ಮತ್ತೊಂದನ್ನು ಹಿಡಿಯುವುದೆಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೋಳಿಮಾಂಸದಲ್ಲಿ ಸಿಗುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೂ ಇದೇ ದಾರಿ. ಹುಡುಕುವ ಜೀನ್ ಬೇರೆ, ಅಷ್ಟೆ. ಹಳೆಯ ಪದ್ಧತಿಯಲ್ಲಿ 25 ಗ್ರಾಂ ಮಾಂಸವನ್ನು ದ್ರವದಿಂದ ದ್ರವಕ್ಕೆ, ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಖಚಿತ ಉತ್ತರಕ್ಕೆ ನಾಲ್ಕೈದು ದಿನ. ತಾಜಾ ಕೋಳಿ ಅಷ್ಟು ದಿನ ಕಾಯುವುದುಂಟೇ? ಪಿಸಿಆರ್ ಒಂದೆರಡು ದಿನದೊಳಗೆ ಸುಳಿವು ಕೊಡುತ್ತದೆ.

ಇನ್ನೂ ಕೇಳಿ. 2000ದಲ್ಲಿ ಜಪಾನಿನವರು ಲ್ಯಾಂಪ್ ಎಂಬ ವಿಧಾನ ತಂದರು. ಕಾಯಿಸಿ ತಣಿಸುವ ಗೋಜೇ ಇಲ್ಲ. 65 ಡಿಗ್ರಿಯ ಆಸುಪಾಸಿನ ಒಂದೇ ಶಾಖ, ಸುಮಾರು ಒಂದು ತಾಸು! ದುಬಾರಿ ಯಂತ್ರವೂ ಬೇಡ. ಅಂದಮೇಲೆ ದಕ್ಕೆಯ ಬದಿಯ ಪುಟ್ಟ ಕೋಣೆಯಲ್ಲಿ ಏಕಾಗಬಾರದು? ಗಂಗೊಳ್ಳಿ, ಹಂಗಾರಕಟ್ಟೆಯ ಮೀನಿಗೆ, ಬೈಂದೂರಿನ ಮಾಂಸದಂಗಡಿಗಳಿಗೆ ಇಂಥ ಪರೀಕ್ಷೆ ನಿತ್ಯ ಸಿಗಲಿ ಎಂದು ನಾವೇ ಒತ್ತಾಯಿಸಬೇಕು. ಇವತ್ತಿನ ಮಟ್ಟಿಗೆ, ತಂದ ಮೀನನ್ನು ಮಂಜುಗಡ್ಡೆಯಲ್ಲೇ ಇಡಿ, ಪೂರ್ತಿ ಬೇಯಿಸಿಯೇ ಉಣ್ಣಿ.